ಕ್ಯಾನ್ಸರ್ ಜೆನೆಟಿಕ್ಸಾ, ಇಮ್ಯುನಾಲಜಿನಾ? ಎರಡನ್ನೂ ಹಿಡಿದು ಜೀವನಪೂರ್ತಿ ಕೆಲಸ ಮಾಡಿದವರು ಯಾರಾದ್ರೂ ಇದಾರಾ?

ತುಂಗಾತೀರ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಶಿವಮೊಗ್ಗ ಕಡೆಯವಳು ನಾನು, ಬಯೋಟೆಕ್ನಾಲಜಿ ಎಂಎಸ್ಸಿ ಕೊನೇ ಸೆಮ್. ಪಿಎಚ್‌ಡಿ ಇಂಟರ್‌ವ್ಯೂಗಳು ಹತ್ರ ಬರ್ತಿವೆ, ತಲೆ ಪೂರ್ತಿ ಗೊಂದಲ ಆಗಿದೆ. ಕ್ಯಾನ್ಸರ್ ಮೇಲೇ ಕೆಲಸ ಮಾಡ್ಬೇಕು ಅನ್ನೋದೊಂದು ಪಕ್ಕಾ, ನಮ್ಮಜ್ಜಿ ಹೋಗಿದ್ದು ಅದರಲ್ಲೇ, ನಾನಾಗ ಎಂಟನೇ ಕ್ಲಾಸು. ಆದ್ರೆ ನಂಗೆ ಕ್ರೋಮೋಸೋಮ್, ಜೀನ್ ಅಂದ್ರೂ ಅಷ್ಟೇ ಇಷ್ಟ, ಇಮ್ಯುನಾಲಜಿ, ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆ ಬಗ್ಗೆ ಓದೋದು, ಅದೂ ಅಷ್ಟೇ ಇಷ್ಟ. ಡಿಪಾರ್ಟ್‌ಮೆಂಟಲ್ಲಿ ಒಬ್ಬರು ಮೇಡಂ "ಎರಡು ದೋಣಿ ಮೇಲೆ ಕಾಲಿಡಬೇಡ ಕಣೆ, ಇಂಟರ್‌ವ್ಯೂನಲ್ಲಿ ಒಂದೇ ಹೇಳು" ಅಂದ್ರು, ಒಳ್ಳೇದಕ್ಕೇ ಹೇಳಿದ್ದು ಅವರು, ಆದ್ರೆ ಅವತ್ತಿಂದ ನಿದ್ದೆ ಇಲ್ಲ.

ಇನ್ನೊಂದು ವಿಷ್ಯ ಕೇಳ್ಬೇಕಿತ್ತು. ಪ್ರಾಜೆಕ್ಟ್‌ಗೆ ನಾನು ಎನ್‌ಕೆ ಸೆಲ್‌ಗಳು (ನ್ಯಾಚುರಲ್ ಕಿಲ್ಲರ್, ಕ್ಯಾನ್ಸರ್ ಸೆಲ್ ಕೊಲ್ಲೋ ಬಿಳಿ ರಕ್ತಕಣ) ಕೆ562 ಅನ್ನೋ ಲ್ಯುಕೇಮಿಯಾ ಸೆಲ್‌ಗಳನ್ನ ಎಷ್ಟು ಕೊಲ್ಲುತ್ವೆ ಅಂತ ಅಳೆಯೋ ಟೆಸ್ಟ್, ಅಂದ್ರೆ ಅಸ್ಸೇ, ಮಾಡ್ತಿದೀನಿ. ಹಳೇ ಪೇಪರ್ ಹುಡುಕ್ತಾ ಹೋದಾಗ 1975ರದ್ದೊಂದು ಸಿಕ್ತು, ಎನ್‌ಕೆ ಸೆಲ್ ಬಗ್ಗೆ ಮೊದಮೊದಲ ಪೇಪರ್, ಅದರಲ್ಲಿ ಕ್ಲೈನ್ ಅಂತ ಹೆಸರಿತ್ತು. ಆಮೇಲೆ ಬರ್ಕಿಟ್ ಲಿಂಫೋಮಾ ಅನ್ನೋ ಬಿಳಿ ರಕ್ತಕಣದ ಕ್ಯಾನ್ಸರಲ್ಲಿ 8ನೇ ಕ್ರೋಮೋಸೋಮಿನ ತುಂಡು 14ಕ್ಕೆ ಹೋಗಿ ಅಂಟಿಕೊಳ್ಳೋದರ ಬಗ್ಗೆ 1976ರ ಪೇಪರ್ ನೋಡಿದೆ, ಅಲ್ಲೂ ಕ್ಲೈನ್! ಎರಡೂ ಸ್ಟಾಕ್‌ಹೋಮಿಂದ. ಒಬ್ಬರೇ ಮನುಷ್ಯರು ಒಂದು ವರ್ಷ ಇಮ್ಯುನಾಲಜಿ, ಮುಂದಿನ ವರ್ಷ ಜೆನೆಟಿಕ್ಸ್ ಅಂತ ಮಾಡೋಕಾಗುತ್ತಾ? ಇಲ್ಲಾ ಹೆಸರು ಮಾತ್ರ ಒಂದೇನಾ? ಗೊತ್ತಿರೋರು ದಯವಿಟ್ಟು ಹೇಳಿ.

ಸ್ಲೈಡ್ ನೋಡಾಂವ

ತಂಗೀ, ಒಬ್ಬರಲ್ಲ, ಇಬ್ಬರು. ಇನಿಶಿಯಲ್ ನೋಡು. 1975ರ ಪೇಪರಿನ್ಯಾಗ ಇರೋದು ಇ. ಕ್ಲೈನ್, ಅಂದ್ರ ಈವಾ ಕ್ಲೈನ್. 1976ರದ್ದು ಜಿ. ಕ್ಲೈನ್, ಜಾರ್ಜ್ ಕ್ಲೈನ್. ಗಂಡ ಹೆಂಡತಿ ಅವರು, ಸ್ಟಾಕ್‌ಹೋಮಿನ ಕ್ಯಾರೊಲಿನ್ಸ್ಕಾ ಇನ್‌ಸ್ಟಿಟ್ಯೂಟಿನ್ಯಾಗ ಒಂದೇ ಡಿಪಾರ್ಟ್‌ಮೆಂಟ್. ನಾ ಧಾರವಾಡದ ಕಡೆ ಪೆಥಾಲಜಿಸ್ಟ್ ಇದ್ದೀನಿ, ಇಪ್ಪತ್ತು ವರ್ಷದಿಂದ ಲಿಂಫೋಮಾ ಸ್ಲೈಡ್ ನೋಡ್ಕೋತ ಬಂದೀನಿ, ಹಿಂಗಾಗಿ ಈ ಜಾರ್ಜ್ ಅನ್ನೋ ಮನಿಷಾನ ಮ್ಯಾಲೆ ನನಗ ಭಾಳ ಪ್ರೀತಿ. ಸ್ವಲ್ಪ ಉದ್ದ ಬರೀತೀನಿ, ಓದು.

ಜಾರ್ಜ್ ಕ್ಲೈನ್ ಹುಟ್ಟಿದ್ದು 1925ರಾಗ, ಬುಡಾಪೆಸ್ಟಿನ್ಯಾಗ, ಯಹೂದಿ ಮನೆತನ. 1944ರಾಗ ಜರ್ಮನರು ಹಂಗೇರಿಗೆ ಬಂದ್ರಲ್ಲ, ಆವಾಗ ಇವರಿಗೆ 19 ತುಂಬಿದ್ದಿಲ್ಲ, ಅಲ್ಲಿನ ಯಹೂದಿ ಕೌನ್ಸಿಲಿನ್ಯಾಗ ಸಣ್ಣ ಗುಮಾಸ್ತ. ಯಹೂದಿಗಳನ್ನ ಕೊಲ್ಲೋ ನಾಜಿ ಕ್ಯಾಂಪ್ ಆಶ್‌ವಿಟ್ಸ್‌ದಿಂದ ತಪ್ಪಿಸಿಕೊಂಡು ಬಂದ ಇಬ್ಬರು, ವ್ರ್‌ಬಾ ಮತ್ತ ವೆಟ್ಸ್‌ಲರ್, ಅಲ್ಲಿ ಏನ್ ನಡದದ ಅಂತ ಹೇಳಿ ಬರೆಸಿದ ವರದಿ ಒಂದ್ ಗುಟ್ಟಾಗಿ ಇವರ ಕೈಗೆ ಬಂತು. ಓದಿದ ಕೂಡ್ಲೆ ಇದು ಖರೆ ಅಂತ ಇವರಿಗೆ ಅನ್ನಿಸ್ತು. ಓಡಿಹೋಗಿ ತಮ್ಮ ಮಾವಗ ಹೇಳಿದ್ರು, ಆ ಮಾವಾನೂ ಡಾಕ್ಟರ್ರು, ತಿಳಿದವರು, ಆದ್ರ ಅವರು ನಂಬಲಿಲ್ಲ, ಸಿಟ್ಟಿಗೆದ್ದು ಹೊಡಿಯೋ ಹಂಗ ಆದ್ರು. ಮುಂದ ಇವರನ್ನೂ ಹಿಡಕೊಂಡು ಹೋಗಿ ರೈಲಿಗೆ ಹತ್ತಿಸೋ ಹೊತ್ತಿನ್ಯಾಗ, ಆ ಡಬ್ಬಿಗೋಳನ್ನ ನೋಡಿ, ವರದಿಯೊಳಗಿದ್ದದ್ದು ನೆನಪಾಗಿ, ಓಡಿದ್ರು. 1945ರ ಜನವರಿಯಾಗ ರಷ್ಯನ್ ಸೈನ್ಯ ಬರೋ ತನಕ ಒಂದು ನೆಲಮನಿಯೊಳಗ ಅಡಗಿದ್ರು. ಪುರಾವೆ ಕಣ್ಣ ಮುಂದ ಇದ್ರೂ ಮನಿಷ್ಯಾ ಯಾಕ ನಂಬಂಗಿಲ್ಲ ಅನ್ನೋದನ್ನ ಆ ವಯಸ್ಸಿಗೇ ಕಂಡವರು. ಮುಂದ ವಿಜ್ಞಾನದಾಗೂ ಅವರು ತಮ್ಮ ಪ್ರೀತಿಯ ಐಡಿಯಾಕ್ಕಿಂತ ಎದುರಿಗಿದ್ದ ಸೆಲ್ಲನ್ನ ಹೆಚ್ಚು ನಂಬಿದ್ರಲ್ಲ, ಅದರ ಬೇರು ಇಲ್ಲೇ ಅದ ಅಂತ ನನಗ ಅನ್ನಸ್ತದ.

1947ರಾಗ ಸ್ವೀಡನ್ನಿಗೆ ಹೋದ್ರು, ಕ್ಯಾಸ್ಪರ್ಸನ್ ಅಂತ ಕ್ಯಾರೊಲಿನ್ಸ್ಕಾದ ದೊಡ್ಡ ಸೆಲ್ ವಿಜ್ಞಾನಿ ಕೆಲಸ ಕೊಟ್ರು. 1951ಕ್ಕ ಎಂಡಿ. 1957ಕ್ಕ ಟ್ಯೂಮರ್ ಬಯಾಲಜಿ ಪ್ರೊಫೆಸರ್, ವಯಸ್ಸು 32. ಅಲ್ಲಿಂದ 1993ರ ತನಕ ಆ ಡಿಪಾರ್ಟ್‌ಮೆಂಟ್ ಅವರದ.

ಈಗ ನಿನ್ನ ಪ್ರಶ್ನೆ. ಮೊದಲು ಇಮ್ಯುನಾಲಜಿ. 1950ರ ದಶಕದಾಗ ದೊಡ್ಡ ಜಗಳ ಏನಂದ್ರ, ದೇಹ ತನ್ನದೇ ಗಡ್ಡೆಯನ್ನ ಪರಕೀಯ ಅಂತ ಗುರುತು ಹಿಡೀತದೋ ಇಲ್ಲೋ. ಒಂದು ಇಲಿ ಗಡ್ಡೆ ಇನ್ನೊಂದಕ್ಕ ಹಾಕಿದ್ರ ತಿರಸ್ಕಾರ ಆಗ್ತದ ಖರೆ, ಆದ್ರ ಅದು ಗಡ್ಡೆ ಅಂತನೋ, ಬ್ಯಾರೆ ಇಲಿದು ಅಂತನೋ? 1960ರಾಗ ಕ್ಲೈನ್ ತಂಡ ಏನ್ ಮಾಡ್ತು ಅಂದ್ರ, ಕೆಮಿಕಲ್ ಹಚ್ಚಿ ಇಲಿಗೆ ಗಡ್ಡೆ ಬರಿಸಿ, ಅದನ್ನ ಆಪರೇಷನ್ ಮಾಡಿ ತಗದು, ಅದೇ ಗಡ್ಡೆಯ ಸೆಲ್‌ಗೋಳನ್ನ ರೇಡಿಯೇಶನ್ ಕೊಟ್ಟು ನಿಸ್ಸತ್ವ ಮಾಡಿ, ಅದೇ ಇಲಿಗೆ ಲಸಿಕಿ ಹಂಗ ಚುಚ್ಚಿ, ಆಮ್ಯಾಲೆ ಅದೇ ಗಡ್ಡೆಯ ಜೀವಂತ ಸೆಲ್ ಹಾಕಿದ್ರು. ಇಲಿ ತಡಕೊಂತು! ಗಡ್ಡಿ ತನ್ನದ, ಇಲಿ ತನ್ನದ, ಬ್ಯಾರೆ ನೆವ ಹೇಳಾಕ ಜಾಗಾನ ಇಲ್ಲ. ಪ್ರಯೋಗ ಅಂದ್ರ ಹಿಂಗಿರಬೇಕು.

ಜೆನೆಟಿಕ್ಸ್ ಕಡೆ, 1969. ನನ್ನ ಲೆಕ್ಕದಾಗ ಅವರ ಎಲ್ಲಾ ಕೆಲಸಕ್ಕಿಂತ ಇದು ಎತ್ತರದ್ದು. ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸ್ ಕಡೆ ಎರಡು ಸೆಲ್ ಕೂಡಿಸಿ ಒಂದ್ ಮಾಡೋ ವಿದ್ಯಾ ಇತ್ತು, ಕ್ಲೈನ್ ಕಡೆ ಇಲಿಯ ಗಡ್ಡೆ ಸೆಲ್ ಇದ್ವು. ಇಬ್ಬರೂ ಸೇರಿ, ಭಯಂಕರ ಬೆಳಿಯೋ ಕ್ಯಾನ್ಸರ್ ಸೆಲ್ಲನ್ನ ಸಾಧು ಸೆಲ್ (ಕ್ಯಾನ್ಸರ್ ಮಾಡದ್ದು) ಜೋಡಿ ಕೂಡಿಸಿದ್ರು. ಎಲ್ಲಾರೂ ಏನ್ ತಿಳದಿರ್ತಾರ, ಕ್ಯಾನ್ಸರ್ ಗೆಲ್ತದ ಅಂತ. ಆದ್ರ ಕೂಡಿದ ಸೆಲ್ ಸಾಧು ಆತು. ದಿನ ಕಳದಂಗ ಕೆಲವು ಕ್ರೋಮೋಸೋಮ್ ಉದುರಿಹೋದ ಮ್ಯಾಲೆ ಮತ್ತ ಕ್ಯಾನ್ಸರ್ ಆತು. ಅಂದ್ರ ಕ್ಯಾನ್ಸರನ್ನ ತಡಿಯೋ ಏನೋ ಒಂದು ಆ ಕ್ರೋಮೋಸೋಮಿನ್ಯಾಗ ಕುಂತಿತ್ತು. ಇವತ್ತು ನಾವು ಟ್ಯೂಮರ್ ಸಪ್ರೆಸರ್ ಜೀನ್ ಅಂತ ಪಾಠದಾಗ ಬಾಯಿಪಾಠ ಮಾಡ್ತೀವಲ್ಲ, ಅವುಗಳಾಗ ಮೊದಲನೇದು, ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾದ ಜೀನ್, ಕೈಗೆ ಸಿಕ್ಕಿದ್ದು 1986ರಾಗ, ಇದು ಅದಕ್ಕ 17 ವರ್ಷ ಮೊದಲಿನ ಮಾತು.

ಬರ್ಕಿಟ್ ಕತಿ ಇನ್ನೂ ಚಂದ. ಡೆನಿಸ್ ಬರ್ಕಿಟ್ ಅಂತ ಸರ್ಜನ್ 1958ರಾಗ ಉಗಾಂಡಾದ ಮಕ್ಕಳ ದವಡಿ ಗಡ್ಡೆ ಬಗ್ಗೆ ಬರದ್ರು. 1964ರಾಗ ಎಪ್ಸ್‌ಟೈನ್, ಅಕಾಂಗ್, ಬಾರ್ ಆ ಸೆಲ್‌ಗೋಳ ಒಳಗ ವೈರಸ್ ಕಂಡ್ರು, ಅದೇ ಎಪ್ಸ್‌ಟೈನ್ ಬಾರ್ ವೈರಸ್. ಕ್ಲೈನ್ ಡಿಪಾರ್ಟ್‌ಮೆಂಟ್ ಈ ಗಡ್ಡೆಯನ್ನ ಹಿಡದು ಬಿಡಲಿಲ್ಲ. ಅಲ್ಲಿಗೆ ಬಂದಿದ್ದ ಬಲ್ಗೇರಿಯಾದ ದಂಪತಿ, ಮನೋಲೋವ್ ಅಂತ, 1972ರಾಗ 14ನೇ ಕ್ರೋಮೋಸೋಮಿನ ತುದಿಗೆ ಒಂದು ಹೆಚ್ಚಿಂದು ಪಟ್ಟಿ ಕಂಡ್ರು. 1976ರಾಗ ಲೋರೆ ಜೆಕ್ ಆ ತುಂಡು 8ರಿಂದ ಬಂದದ್ದು ಅಂತ ತೋರಿಸಿದ್ರು. ನೀ ಓದಿದ್ದು ಅದೇ ಪೇಪರ್. ಕ್ರೋಮೋಸೋಮಿಗೆ ಬಣ್ಣ ಹಚ್ಚಿ ಪಟ್ಟಿ ನೋಡೋ ವಿದ್ಯಾ ಇದೇ ಜೆಕ್ ಮತ್ತ ಆ ಹಳೇ ಕ್ಯಾಸ್ಪರ್ಸನ್ ಕೂಡಿ ಹುಟ್ಟಿಸಿದ್ದು.

ಈಗ ಕೇಳು. ಇಲಿಯೊಳಗ ಪ್ಲಾಸ್ಮಾ ಸೆಲ್ (ಆಂಟಿಬಾಡಿ, ಅಂದ್ರ ರೋಗದ ವಿರುದ್ಧ ಹೋರಾಡೋ ಪ್ರೋಟೀನ್, ಮಾಡೋ ಸೆಲ್) ಗಡ್ಡಿಯಾಗ 15ನೇ ಕ್ರೋಮೋಸೋಮಿನ ತುಂಡು 12ಕ್ಕ ಹೋಗಿತ್ತು. ಇಲಿಯ 12 ಅಂದ್ರ ಆಂಟಿಬಾಡಿ ಜೀನ್ ಇರೋ ಜಾಗಾ. ಮನಿಷ್ಯಾರೊಳಗ 14 ಅಂದ್ರೂ ಆಂಟಿಬಾಡಿ ಜೀನ್ ಜಾಗಾ. ಕೆಲವು ಬರ್ಕಿಟ್‌ನ್ಯಾಗ 8 ಹೋಗಿ 2ಕ್ಕೋ 22ಕ್ಕೋ ಕೂಡಿರ್ತದ, ಅವೂ ಆಂಟಿಬಾಡಿ ಜೀನಿನ ಮನಿಗೋಳ! 1981ರಾಗ ಕ್ಲೈನ್ ಬರದ್ರು, ಆ ತುಂಡಿನ್ಯಾಗ ಒಂದು ಕ್ಯಾನ್ಸರ್ ಜೀನ್ ಇರಬೇಕು, ಭಾಳ ಚುರುಕಾಗಿ ಕೆಲಸ ಮಾಡೋ ಆಂಟಿಬಾಡಿ ಜೀನಿನ ಮಗ್ಗಲಿಗೆ ಬಂದು ಕುಂತು ಅದೂ ಜೋರು ಮಾಡ್ಲಿಕ್ಕೆ ಹತ್ಯದ, ಅಂತ. ಮರುವರ್ಷ ಬ್ಯಾರೆ ಬ್ಯಾರೆ ಲ್ಯಾಬಿನವರು 8ರ ತುದಿಯಾಗ ಮಿಕ್ (MYC) ಅನ್ನೋ ಕ್ಯಾನ್ಸರ್ ಜೀನ್ ಅದ ಅಂತ ತೋರಿಸಿಬಿಟ್ರು.

ಇದು ಜೆನೆಟಿಕ್ಸೋ ಇಮ್ಯುನಾಲಜಿಯೋ, ನೀನ ಹೇಳು. ಬಿ ಸೆಲ್ ಅನ್ನೋ ಬಿಳಿ ರಕ್ತಕಣ ಆಂಟಿಬಾಡಿ ಮಾಡಬೇಕಂದ್ರ ತನ್ನ ಡಿಎನ್‌ಎ ತಾನ ಕತ್ತರಿಸಿ ಜೋಡಿಸಬೇಕು, ಅದು ಅದರ ದಿನದ ಕೆಲಸ. ಆ ಕತ್ತರಿ ಒಮ್ಮೆ ತಪ್ಪಿ ಬಿತ್ತಂದ್ರ ಮಿಕ್ ಬಂದು ಮಗ್ಗಲಿಗೆ ಕೂಡ್ತದ. ಇಮ್ಯುನಾಲಜಿ ಗೊತ್ತಿಲ್ಲದವರು ಆ 14ನ್ನ ನೋಡಿ ಬರೇ ಒಂದು ನಂಬರ್ ಅಂತಿದ್ರು.

ಸೋಲ್ನಾ ಚಳಿ

ಸ್ಲೈಡ್ ಡಾಕ್ಟ್ರು ಬರೆದಿದ್ದು ತುಂಬಾ ಚೆನ್ನಾಗಿದೆ, ಆದ್ರೆ ಈವಾ ಅವರನ್ನ ಇನಿಶಿಯಲ್ ಹೇಳೋಕಷ್ಟೇ ಬಳಸ್ಕೊಂಡು ಮುಂದೆ ಹೋಗಿಬಿಟ್ರಿ, ಅದು ನಂಗೆ ಸರಿ ಅನ್ನಿಸ್ಲಿಲ್ಲ. ಪ್ರಶ್ನೆ ಕೇಳಿರೋದು ಎನ್‌ಕೆ ಸೆಲ್ ಮೇಲೆ ಕೆಲಸ ಮಾಡ್ತಿರೋ ಹುಡುಗಿ, ಅವಳಿಗೆ ಮೊದಲು ಹೇಳ್ಬೇಕಾಗಿದ್ದೇ ಈವಾ ಕತೆ. ನಾನು ಮಂಡ್ಯದವಳು, ಈಗ ಸ್ಟಾಕ್‌ಹೋಮ್ ಪಕ್ಕ ಸೋಲ್ನಾದಲ್ಲಿ ಲ್ಯಾಬ್ ಕೆಲಸದಲ್ಲಿದೀನಿ.

ಈವಾ ಕೂಡ 1925ರಲ್ಲೇ ಬುಡಾಪೆಸ್ಟಲ್ಲಿ ಹುಟ್ಟಿದ್ದು, ಅವರೂ ಯಹೂದಿ, ಅವರೂ ಯುದ್ಧದಲ್ಲಿ ಅಡಗಿಕೊಂಡೇ ಬದುಕಿದ್ದು, ಅವರೂ ಮೆಡಿಸಿನ್ ಓದಿದ್ದು. 1947ರ ಬೇಸಿಗೆಯಲ್ಲಿ ಜಾರ್ಜ್ ಪರಿಚಯ ಆಯ್ತು, ಜಾರ್ಜ್ ಸ್ವೀಡನ್ನಿಗೆ ಬಂದು ಕೆಲಸ ಸಿಕ್ಕ ಮೇಲೆ ವಾಪಸ್ ಹೋಗಿ ಗುಟ್ಟಾಗಿ ಮದುವೆ ಆದ್ರು, ಆಮೇಲೆ ಈವಾನೂ ಬಂದ್ರು. ಭಾಷೆ ಗೊತ್ತಿಲ್ಲದ ದೇಶ, ಮೂರು ಮಕ್ಕಳು, ಅದರ ಜೊತೆ ಲ್ಯಾಬ್.

1968ರಲ್ಲಿ ಬರ್ಕಿಟ್ ಸೆಲ್ ಮೈಮೇಲೆ ಐಜಿಎಂ ಅನ್ನೋ ಒಂದು ಬಗೆಯ ಆಂಟಿಬಾಡಿ ಕೂತಿರೋದನ್ನ ತೋರಿಸಿದ್ದು ಈವಾ. ಬಿ ಸೆಲ್ ತನ್ನ ಮೈಮೇಲೆ ಆಂಟಿಬಾಡಿ ಇಟ್ಕೊಂಡಿರುತ್ತೆ ಅನ್ನೋದು ಆಗಿನ್ನೂ ಪಾಠದ ವಿಷಯ ಆಗಿರ್ಲಿಲ್ಲ. ಡಾಕ್ಟ್ರು ಹೇಳಿದ ಆ 14ನೇ ಕ್ರೋಮೋಸೋಮಿನ ಕತೆಗೆ ಇದೂ ಒಂದು ಬುನಾದಿ ಅಲ್ವಾ, ಈ ಗಡ್ಡೆ ಆಂಟಿಬಾಡಿ ಮಾಡೋ ಸೆಲ್ಲಿಂದ ಹುಟ್ಟಿದ್ದು ಅಂತ ಗೊತ್ತಿದ್ದರಿಂದ ತಾನೇ ಆಂಟಿಬಾಡಿ ಜೀನ್ ಕಡೆ ನೋಡೋಕಾಗಿದ್ದು? ಡೌಡಿ ಅನ್ನೋ ಸೆಲ್ ಲೈನ್ (ಲ್ಯಾಬಲ್ಲಿ ಬೆಳೆಸ್ಕೊಂಡು ಬರೋ ಬರ್ಕಿಟ್ ಸೆಲ್) ನಿಮ್ಮ ಲ್ಯಾಬ್ ಫ್ರೀಜರಲ್ಲೂ ಇರಬಹುದು, ಅದು ಬಂದಿದ್ದೂ ಅವರ ಕಡೆಯಿಂದಲೇ.

ಎನ್‌ಕೆ ವಿಷಯ ಹೇಳ್ತೀನಿ. ರೋಲ್ಫ್ ಕೀಸ್ಲಿಂಗ್ ಅಂತ ಯುವಕ, ಈವಾ, ಮತ್ತೆ ಹಾನ್ಸ್ ವಿಗ್ಸೆಲ್, ಇವರು ನೋಡ್ತಿದ್ದಿದ್ದು ಇಲಿಯ ಲಿಂಫೋಸೈಟು ಲ್ಯುಕೇಮಿಯಾ ಸೆಲ್ಲನ್ನ ಕೊಲ್ಲೋದನ್ನ. ಯಾವ ಲಸಿಕೆನೂ ಕೊಡದೇ ಇರೋ ಇಲಿಗಳು ಕಂಟ್ರೋಲ್, ಅಂದ್ರೆ ಹೋಲಿಕೆಗೆ ಇಟ್ಟಿದ್ದು, ಅವು ಕೊಲ್ಲಬಾರದು. ಆದ್ರೆ ಅವೂ ಕೊಲ್ತಿದ್ವು! ಇಂಥದ್ದು ಬಂದಾಗ ತುಂಬಾ ಜನ ಬ್ಯಾಕ್‌ಗ್ರೌಂಡ್ ಜಾಸ್ತಿ ಇದೆ, ಅಸ್ಸೇ ಸರಿಯಿಲ್ಲ ಅಂತ ಎತ್ತಿಟ್ಟುಬಿಡ್ತಾರೆ. ಇವರು ಆ ಬ್ಯಾಕ್‌ಗ್ರೌಂಡನ್ನೇ ಹಿಡಿದು ಕೂತ್ರು, ಅದು ಟಿ ಸೆಲ್ಲೂ ಅಲ್ಲ ಬಿ ಸೆಲ್ಲೂ ಅಲ್ಲ ಅಂತ ತೋರಿಸಿ ನ್ಯಾಚುರಲ್ ಕಿಲ್ಲರ್ ಅಂತ ಹೆಸರಿಟ್ರು. ಅಮೆರಿಕದಲ್ಲಿ ಹರ್ಬರ್‌ಮನ್ ತಂಡನೂ ಅದೇ ಹೊತ್ತಿಗೆ ಇದನ್ನ ಕಂಡಿದ್ರು.

ಇನ್ನೊಂದು ವಿಷ್ಯ, ನೀವು ಬಳಸೋ ಕೆ562ನ ಎನ್‌ಕೆ ಸೆಲ್‌ಗಳು ಯಾಕಷ್ಟು ಸಲೀಸಾಗಿ ಕೊಲ್ಲುತ್ವೆ ಗೊತ್ತಾ? ಅದರ ಮೈಮೇಲೆ ಎಂಎಚ್‌ಸಿ ಕ್ಲಾಸ್ ಒನ್, ಅಂದ್ರೆ ತನ್ನವರು ಅಂತ ತೋರಿಸೋ ಗುರುತಿನ ಪ್ರೋಟೀನ್, ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಟಿ ಸೆಲ್ ಪರಕೀಯ ಗುರುತು ಇದ್ದರೆ ಕೊಲ್ಲುತ್ತೆ, ಎನ್‌ಕೆ ಸೆಲ್ ತನ್ನವರ ಗುರುತು ಇಲ್ಲದಿದ್ದರೆ ಕೊಲ್ಲುತ್ತೆ. ಇದನ್ನ 1986ರಲ್ಲಿ ತೋರಿಸಿದ ಕ್ಲಾಸ್ ಕೆರ್ರೆ ಕೂಡ ಇದೇ ಡಿಪಾರ್ಟ್‌ಮೆಂಟಲ್ಲಿ ಬೆಳೆದವರು.

ಹಾಸನದ ಅಮ್ಮ

ನಾನು ಸೈನ್ಸ್ ಓದಿದವಳಲ್ಲ, ಬಿಕಾಂ ಮಾಡಿದ್ದು, ಇಲ್ಲಿ ಬರೀಬಹುದೋ ಇಲ್ವೋ ಗೊತ್ತಿಲ್ಲ ಆದ್ರೆ ಬರೀದೇ ಇರೋಕಾಗ್ಲಿಲ್ಲ. ಬರ್ಕಿಟ್ ಅನ್ನೋ ಪದ ನೋಡಿ ಕೈ ನಡುಗ್ತು. ನನ್ನ ಮಗನಿಗೆ ಆರು ವರ್ಷ ಇದ್ದಾಗ ಹೊಟ್ಟೆ ಊದಿಕೊಳ್ತು, ನಮ್ಮೂರ ಕ್ಲಿನಿಕ್ಕಲ್ಲಿ ಹುಳದ ಔಷಧಿ ಕೊಟ್ರು, ಆಮೇಲೆ ಗ್ಯಾಸು ಅಂದ್ರು, ಮೂರು ವಾರ ಹಂಗೇ ಹೋಯ್ತು, ಅಷ್ಟೊತ್ತಿಗೆ ಪ್ಯಾಂಟಿನ ಗುಂಡಿ ಹಾಕೋಕಾಗ್ತಿರ್ಲಿಲ್ಲ. ಬೆಂಗಳೂರಿಗೆ ಕರ್ಕೊಂಡು ಹೋದ ಮೇಲೆ ಬಯಾಪ್ಸಿ ಮಾಡಿ ಬರ್ಕಿಟ್ ಅಂದ್ರು. ರಿಪೋರ್ಟಲ್ಲಿ ಟಿ(8;14) ಪಾಸಿಟಿವ್ ಅಂತ ಇತ್ತು, ಸ್ಟಾರಿ ಸ್ಕೈ ಅಂತಾನೂ ಇತ್ತು, ಅದನ್ನ ಓದಿ ನಮ್ಮ ಯಜಮಾನ್ರು ಇದೇನಿದು ನಕ್ಷತ್ರ ತುಂಬಿದ ಆಕಾಶ ಅಂತ ಬರೆದಿದಾರೆ ಅಂತ ಕೇಳಿ ಅತ್ತುಬಿಟ್ರು.

ಅಲ್ಲಿನ ಡಾಕ್ಟರಮ್ಮ ಒಬ್ರು ಕೂರಿಸ್ಕೊಂಡು ಹೇಳಿದ್ರು, ಇದು ತುಂಬಾ ವೇಗವಾಗಿ ಬೆಳೆಯೋ ಕ್ಯಾನ್ಸರ್, ಒಂದೆರಡು ದಿನಕ್ಕೇ ಸೆಲ್ ಎರಡರಷ್ಟು ಆಗಬಹುದು, ಆದ್ರೆ ಅಷ್ಟು ವೇಗ ಇರೋದರಿಂದಲೇ ಕೀಮೋಗೆ ಬೇಗ ಕರಗುತ್ತೆ, ಎಷ್ಟು ಬೇಗ ಅಂದ್ರೆ ಸತ್ತ ಸೆಲ್ಲಿನ ಕಸ ಕಿಡ್ನಿ ಕಟ್ಟಿಹಾಕದಂಗೆ ಮೊದಲ ದಿನಗಳಲ್ಲಿ ನಾವು ಕಾಯಬೇಕು ಅಂತ. ಹಂಗೇ ಆಯ್ತು. ಒಂದು ವಾರದಲ್ಲಿ ಹೊಟ್ಟೆ ಇಳೀತು. ಕೀಮೋ ತುಂಬಾ ಕಷ್ಟ ಇತ್ತು, ಬಾಯೆಲ್ಲ ಹುಣ್ಣು, ಎರಡು ಸಲ ಐಸಿಯು. ಈಗ ಹನ್ನೊಂದು ವರ್ಷ ಅವನಿಗೆ, ಕಬಡ್ಡಿ ಆಡ್ತಾನೆ.

ಆ 8 ಮತ್ತು 14 ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು ನಂಗೆ. ಇಷ್ಟು ವರ್ಷ ಅದೊಂದು ಶಾಪದ ನಂಬರ್ ಥರ ತಲೇಲಿತ್ತು. ನಾನು ಬಸುರಿಯಲ್ಲಿ ಏನಾದ್ರೂ ತಪ್ಪು ಮಾಡಿದ್ನಾ, ನಮ್ಮ ವಂಶದಲ್ಲಿ ಇತ್ತಾ ಅಂತ ಯೋಚನೆ ಮಾಡಿ ಮಾಡಿ ಸಾಕಾಗಿತ್ತು. ಡಾಕ್ಟ್ರೇ, ಅದು ನಮ್ಮಿಂದ ಅವನಿಗೆ ಬಂದಿದ್ದಲ್ಲ ತಾನೇ?

ಸ್ಲೈಡ್ ನೋಡಾಂವ

ಅಕ್ಕಾ, ಅಲ್ಲ. ಖಂಡಿತ ಅಲ್ಲ. ಆ ಅದಲುಬದಲು ಅವನ ಒಂದೇ ಒಂದು ಬಿ ಸೆಲ್ಲಿನ್ಯಾಗ ಆಗಿದ್ದು, ಅವ ಹುಟ್ಟಿದ ಮ್ಯಾಲೆ, ಆ ಸೆಲ್ ಆಂಟಿಬಾಡಿ ಮಾಡೋ ಕೆಲಸದಾಗ ಇದ್ದಾಗ. ನಿಮ್ಮ ರಕ್ತದಾಗ ಇಲ್ಲ, ಯಜಮಾನರ ರಕ್ತದಾಗ ಇಲ್ಲ, ಅವನ ಉಳಿದ ಮೈಯಾಗೂ ಇಲ್ಲ. ನಾಳೆ ಅವನ ಮಕ್ಕಳಿಗೂ ಹೋಗಂಗಿಲ್ಲ. ನೀವು ಏನೂ ತಪ್ಪು ಮಾಡಿಲ್ಲ.

ನಕ್ಷತ್ರದ ಮಾತು ಹೇಳ್ತೀನಿ. ಸ್ಲೈಡಿನ್ಯಾಗ ಕ್ಯಾನ್ಸರ್ ಸೆಲ್ ಒತ್ತೊತ್ತಾಗಿ ನೀಲಿ ಕಪ್ಪು ಕಾಣ್ತಾವ, ನಡುವ ನಡುವ ಬಿಳೀ ಚುಕ್ಕಿ. ಆ ಬಿಳೀ ಚುಕ್ಕಿ ಏನಂದ್ರ ಮ್ಯಾಕ್ರೋಫೇಜ್, ದೇಹದ ಕಾವಲಿನ ಸೆಲ್, ಸತ್ತ ಕ್ಯಾನ್ಸರ್ ಸೆಲ್ಲನ್ನ ತಿಂದು ಸ್ವಚ್ಛ ಮಾಡ್ಲಿಕ್ಕೆ ಹತ್ತಿರ್ತಾವ. ನಕ್ಷತ್ರ ಅಂದ್ರ ನಿಮ್ಮ ಮಗನ ಸ್ವಂತ ಸೆಲ್‌ಗೋಳು. ಸೋಲ್ನಾದ ಮೇಡಂ, ನೀವು ಅಂದದ್ದು ಬರೋಬ್ಬರಿ ಅದ, ಈವಾ ಅವರ ಬಗ್ಗೆ ನಾ ಮೊದಲ ಬರೀಬೇಕಿತ್ತು.

ತುಂಗಾತೀರ

ಅಮ್ಮಾ, ನಿಮ್ಮ ಮಗನ ಬಗ್ಗೆ ಓದಿ ತುಂಬಾ ಖುಷಿ ಆಯ್ತು. ಎಲ್ರಿಗೂ ಥ್ಯಾಂಕ್ಸ್, ರಾತ್ರಿ ಎರಡು ಗಂಟೆ ತನಕ ಓದಿದೆ. ನಂದೂ ಕಂಟ್ರೋಲಲ್ಲಿ ಬ್ಯಾಕ್‌ಗ್ರೌಂಡ್ ಜಾಸ್ತಿ ಬಂದಿತ್ತು, ಅದನ್ನ ಬಿಸಾಕೋಕೆ ಹೊರಟಿದ್ದೆ, ಈಗ ಮತ್ತೆ ನೋಡ್ತೀನಿ.

ಒಂದು ಕಡೆ ಸಿಕ್ಕಿಹಾಕಿಕೊಂಡೆ. ಕ್ಲೈನ್ ದಂಪತಿ 1977ರಲ್ಲಿ ಬರೆದಿದ್ದೊಂದು ನೋಡಿದೆ, ತಾನಾಗೇ ಹುಟ್ಟೋ ಗಡ್ಡೆಗಳನ್ನ ಇಮ್ಯೂನ್ ಸಿಸ್ಟಮ್ ತಿರಸ್ಕರಿಸಲ್ಲ ಅನ್ನೋ ಥರ ಇದೆ. 1960ರಲ್ಲಿ ಅವರೇ ತಿರಸ್ಕರಿಸುತ್ತೆ ಅಂತ ತೋರಿಸಿ ಆಮೇಲೆ ಯಾಕೆ ಹೀಗೆ? ಮತ್ತೆ ಈಗ ಇಮ್ಯುನೋಥೆರಪಿ (ಇಮ್ಯೂನ್ ಸಿಸ್ಟಮ್ ಬಳಸಿ ಕ್ಯಾನ್ಸರ್ ಚಿಕಿತ್ಸೆ) ಕೆಲಸ ಮಾಡ್ತಿದೆ, 2018ರಲ್ಲಿ ನೊಬೆಲ್ ಕೂಡ ಬಂತು, ಹಂಗಿದ್ರೆ ಅವರು ಹೇಳಿದ್ದು ತಪ್ಪಾ?

ಸ್ಲೈಡ್ ನೋಡಾಂವ

ಈ ಪ್ರಶ್ನೆ ಇಂಟರ್‌ವ್ಯೂದಾಗ ನೀನ ಎತ್ತು, ಕಮಿಟಿಯವರು ಎದ್ದು ಕೂಡ್ತಾರ.

1960ರದ್ದು ಕೆಮಿಕಲ್ ಹಚ್ಚಿ ಬರಿಸಿದ ಗಡ್ಡಿ. ವೈರಸ್‌ದಿಂದ ಬಂದ ಗಡ್ಡಿನೂ ಅವರು ಭಾಳ ನೋಡಿದ್ರು, ಅವನ್ನೂ ದೇಹ ಗುರುತು ಹಿಡೀತಿತ್ತು, ಯಾಕಂದ್ರ ವೈರಸ್ಸಿನ ಪ್ರೋಟೀನ್ ಪರಕೀಯ. ಎಪ್ಸ್‌ಟೈನ್ ಬಾರ್ ವೈರಸ್ ನಮ್ಮ ದೊಡ್ಡವರೊಳಗ ಹೆಚ್ಚು ಕಡಿಮಿ ಎಲ್ಲರ ಮೈಯಾಗೂ ಅದ, ಆದ್ರೂ ಲಿಂಫೋಮಾ ಬರೋದು ಯಾರೋ ಕೆಲವರಿಗೆ. ಟಿ ಸೆಲ್ ಕಾವಲು ಇರೋದಕ್ಕ ಅದು. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಇಮ್ಯುನಿಟಿ ಇಳಿಸೋ ಔಷಧಿ ಕೊಟ್ಟಾಗ ಇದೇ ವೈರಸ್ ಲಿಂಫೋಮಾ ತಂದುಬಿಡ್ತದ. ಆದ್ರ ಮುದಿ ಇಲಿಗೆ ತಾನಾಗೇ ಬಂದ ಗಡ್ಡಿ ತಗೊಂಡು ನೋಡಿದ್ರ, ಭಾಳಷ್ಟು ಸಲ ದೇಹಕ್ಕ ಅದರ ಅರಿವೇ ಇಲ್ಲ. ಕಂಡದ್ದನ್ನ ಕಂಡಂಗ ಬರದ್ರು ಅವರು. ತಮ್ಮದೇ 1960ರ ಹೆಸರುವಾಸಿ ಫಲಿತಾಂಶನ್ನ ಎಲ್ಲಾ ಕ್ಯಾನ್ಸರಿಗೂ ಎಳದು ಹಚ್ಚಲಿಲ್ಲ. ನನಗ ಈ ಮನಿಷಾನ ಮ್ಯಾಲೆ ಗೌರವ ಇರೋದು ಇಲ್ಲೇ.

ಅರ್ಧ ಉತ್ತರ ಈಗ ಸಿಕ್ಕದ. ಆ ಕೆಮಿಕಲ್ ಡಿಎನ್‌ಎಯಾಗ ರಾಶಿ ರಾಶಿ ಮ್ಯುಟೇಶನ್ ಮಾಡ್ತದ. ಮ್ಯುಟೇಶನ್ ಆದಷ್ಟೂ ಪ್ರೋಟೀನಿನ ಆಕಾರ ಕೆಡ್ತದ, ಟಿ ಸೆಲ್ ಕಣ್ಣಿಗೆ ಪರಕೀಯ ಕಾಣ್ತದ. ಬಿಸಿಲಿನಿಂದ ಬರೋ ಮೆಲನೋಮಾ, ಬೀಡಿ ಸಿಗರೇಟಿನ ಶ್ವಾಸಕೋಶದ ಕ್ಯಾನ್ಸರ್, ಇವುಗಳಾಗೂ ಮ್ಯುಟೇಶನ್ ರಾಶಿ, ಚೆಕ್‌ಪಾಯಿಂಟ್ ಔಷಧಿ (ಟಿ ಸೆಲ್ಲಿನ ಬ್ರೇಕ್ ತಗಿಯೋವು) ಚಲೋ ಕೆಲಸ ಮಾಡೋದೂ ಇಂಥವುಗಳ ಮ್ಯಾಲೇ. ಮ್ಯುಟೇಶನ್ ಕಡಿಮಿ ಇರೋ ಭಾಳಷ್ಟು ಗಡ್ಡಿಗೋಳು ಇವತ್ತಿಗೂ ಅದಕ್ಕ ಜಗ್ಗಂಗಿಲ್ಲ. ಆಲಿಸನ್ ಮತ್ತ ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು ಟಿ ಸೆಲ್ಲಿನ ಬ್ರೇಕ್ ತಗದದ್ದಕ್ಕ. ಆದ್ರ ಗುರುತು ಹಿಡಿಯೋ ಸರಕೇ ಗಡ್ಡಿ ಮ್ಯಾಲೆ ಇಲ್ಲಂದ್ರ ಬ್ರೇಕ್ ತಗದು ಏನ್ ಉಪಯೋಗ?

2017ರಾಗ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪೆಂಬ್ರೋಲಿಝುಮಾಬ್ ಅನ್ನೋ ಚೆಕ್‌ಪಾಯಿಂಟ್ ಔಷಧಿಗೆ ಒಂದು ಹೊಸ ನಮೂನಿ ಒಪ್ಪಿಗಿ ಕೊಡ್ತು. ಕ್ಯಾನ್ಸರ್ ಯಾವ ಅಂಗದ್ದು ಅನ್ನೋದಲ್ಲ, ಡಿಎನ್‌ಎ ತಪ್ಪು ತಿದ್ದೋ ಮಿಸ್‌ಮ್ಯಾಚ್ ರಿಪೇರ್ ಕೆಟ್ಟದೋ ಇಲ್ಲೋ ನೋಡಿ ಕೊಡೋದು, ಅದು ಕೆಟ್ರ ಮ್ಯುಟೇಶನ್ ರಾಶಿ ಬೀಳ್ತದಲ್ಲ. ನಾನೂ ಈಗ ವಾರಕ್ಕ ಎರಡು ಮೂರು ಸಲ ಆ ರಿಪೇರ್ ಮಾಡೋ ನಾಲ್ಕು ಪ್ರೋಟೀನಿನ ಬಣ್ಣ ಹಚ್ಚಿ ರಿಪೋರ್ಟ್ ಕೊಡ್ತೀನಿ. ಟೆಸ್ಟ್ ಜೆನೆಟಿಕ್ಸಿಂದು, ಔಷಧಿ ಇಮ್ಯುನಾಲಜಿದು, ರೋಗಿ ಒಬ್ಬರೇ. ನಿಮ್ಮ ಮೇಡಂ ಹೇಳಿದ ಎರಡು ದೋಣಿ ಮಾತಿಗೆ ಈ ಒಂದು ಉದಾಹರಣಿ ಇಟ್ಟು ಮಾತಾಡು. ಮತ್ತ ಅವರು ಹೇಳಿದ್ದರಾಗ ಒಂದು ಖರೆ ಅದ, ಕೈಯಾಗ ಒಂದು ಅಸ್ಸೇ ಗಟ್ಟಿ ಬರಬೇಕು. ಕ್ಲೈನ್ ಅವರೂ ಎಲ್ಲಾ ತಾವೇ ಮಾಡಲಿಲ್ಲ, ಕ್ರೋಮೋಸೋಮಿಗೆ ಜೆಕ್ ಇದ್ರು, ಸೆಲ್ ಕೂಡಿಸ್ಲಿಕ್ಕೆ ಹ್ಯಾರಿಸ್ ಇದ್ರು, ಇಮ್ಯುನಾಲಜಿಗೆ ಮನಿಯಾಗೇ ಈವಾ ಇದ್ರು. ನೀ ನಿನ್ನ ಎನ್‌ಕೆ ಅಸ್ಸೇ ಮೊದಲು ಗಟ್ಟಿ ಮಾಡಿಕೋ.

ಸೋಲ್ನಾ ಚಳಿ

ಜಾರ್ಜ್ ತೀರಿಕೊಂಡಿದ್ದು 2016ರ ಡಿಸೆಂಬರ್ 10ಕ್ಕೆ, 91 ವರ್ಷ. ಆ ದಿನ ಇಲ್ಲಿ ನೊಬೆಲ್ ಪ್ರಶಸ್ತಿ ಕೊಡೋ ದಿನ. ಮೆಡಿಸಿನ್ ನೊಬೆಲ್ ಯಾರಿಗೆ ಅಂತ ತೀರ್ಮಾನ ಮಾಡೋ ಕ್ಯಾರೊಲಿನ್ಸ್ಕಾದ ಸಭೆಯಲ್ಲಿ ಅವರೇ ಎಷ್ಟೋ ವರ್ಷ ಕೂತವರು.

ತುಂಗಾತೀರ, ಆ ಬ್ಯಾಕ್‌ಗ್ರೌಂಡ್ ಎಷ್ಟು ಪರ್ಸೆಂಟ್ ಬಂದಿತ್ತು? ಎಫೆಕ್ಟರ್ ಟಾರ್ಗೆಟ್ ರೇಶಿಯೋ (ಒಂದು ಕೆ562 ಸೆಲ್ಲಿಗೆ ಎಷ್ಟು ಎನ್‌ಕೆ ಸೆಲ್ ಅಂತ) ಎಷ್ಟಿಟ್ಟಿದ್ರಿ, ಸೆಲ್ ಕೊಟ್ಟ ಡೋನರ್ ಎಲ್ಲಾ ಸಲನೂ ಒಬ್ಬರೇನಾ? ಬರೀರಿ, ನೋಡೋಣ.

ಹಾಸನದ ಅಮ್ಮ

ಡಾಕ್ಟ್ರೇ, ನೀವು ಬರೆದಿದ್ದನ್ನ ಮಗನಿಗೆ ಓದಿ ಹೇಳಿದೆ. ಆ ನಕ್ಷತ್ರ ನನ್ನವಾ ಅಂತ ಕೇಳ್ದ, ಹೂಂ ಅಂದೆ. ಅವನ ಸ್ಲೈಡ್ ಈಗಲೂ ಆಸ್ಪತ್ರೆಯಲ್ಲಿ ಇಟ್ಟಿರ್ತಾರಾ? ಮುಂದಿನ ತಿಂಗಳು ಚೆಕಪ್‌ಗೆ ಹೋಗ್ತಿದೀವಿ, ಕೇಳಿದ್ರೆ ಮೈಕ್ರೋಸ್ಕೋಪಲ್ಲಿ ಅವನಿಗೆ ಒಂದ್ಸಲ ತೋರಿಸ್ತಾರಾ?

ಸ್ಲೈಡ್ ನೋಡಾಂವ

ಸಾಮಾನ್ಯವಾಗಿ ಸ್ಲೈಡೂ ಇರ್ತದ, ಮೇಣದ ಬ್ಲಾಕೂ ಇರ್ತದ, ವರ್ಷಗಟ್ಟಲೆ ಇಡ್ತಾರ. ರಿಪೋರ್ಟಿನ ಮ್ಯಾಲೆ ಬಯಾಪ್ಸಿ ನಂಬರ್ ಇರ್ತದ ನೋಡ್ರಿ, ಅದನ್ನ ಬರಕೊಂಡು ಹೋಗ್ರಿ, ಪೆಥಾಲಜಿಯವರನ್ನ ಒಂದು ದಿನ ಮೊದಲ ಕೇಳ್ರಿ, ಹುಡುಕಿ ತಗೀಲಿಕ್ಕೆ ಹೊತ್ತು ಬೇಕು. ನಮ್ಮ ಕಡೆ ಯಾರಾರ ಹಂಗ ಕೇಳಿದ್ರ ನಾ ಕುರ್ಚಿ ಬಿಟ್ಟು ಕೂಡಿಸಿ ತೋರಸ್ತೀನಿ.